ಕೈಯಲ್ಲೇ ಉಳಿದ ಕಲ್ಲು

ಅಂಗಡಿಯಿಂದ ಬಂದ ಕೂಡಲೇ ಓದಿರಿ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೊಳ್ಳಿ. ನಾನು ನೀಲಾಳನ್ನು ಕರೆದುಕೊಂಡು ಬನವಾಸಿಗೆ, ತವರಿಗೆ ಹೊರಟಿದ್ದೇನೆ. ಕಳಿಸುತ್ತಿರುವವರು ನಿಮ್ಮ ಅವ್ವನೇ.

ಬೆಳಿಗ್ಗೆ ನೀಲಾಳ ಶಾಲೆಯ ಫಿಲೋಮಿನಾ ಅಕ್ಕೋರು ಮಕ್ಕಳ ಮನೆಯವರನ್ನೆಲ್ಲ ತಮ್ಮ ಜಗಲಿಗೆ ಕರೆದು, ಏಸುವಿನ ಪ್ರಾರ್ಥನೆಯನ್ನು ಆಟ ಆಡಿಸುತ್ತ ಕಲಿಸಿದರು. ತಪ್ಪು ಮನ್ನಿಸುವ ಸಾಲು ಬಂದಾಗ, ಯಾರನ್ನು ಮನ್ನಿಸುತ್ತೇವೋ ಅವರ ಹೆಸರು ಹೇಳಿ ಅವರು ಕೈಗೆ ಕೊಟ್ಟ ಕಲ್ಲನ್ನು ಮುಂದಿಟ್ಟ ಕೊಡದ ನೀರಿಗೆ ಹಾಕಬೇಕು. ಅತ್ತೆಯವರ ಹಣೆಯಲ್ಲಿ ಲಿಂಗಪೂಜೆಯ ವಿಭೂತಿ ಇನ್ನೂ ಆರಿರಲಿಲ್ಲ, ನನ್ನ ಅಪ್ಪನ ಹೆಸರು ಹೇಳಿ ಹಾಕಿಬಿಟ್ಟರು. ನೀಲಾಳನ್ನು ತೊಟ್ಟಿಲಿಗೆ ಹಾಕಿದ ದಿನ ಅಪ್ಪ ತಮ್ಮನ್ನು ಸರಿಯಾಗಿ ಮಾತಾಡಿಸಲಿಲ್ಲವೆಂದು ಆರು ವರ್ಷ ನನ್ನನ್ನು ತವರಿಗೆ ಬಿಡದವರು.

ಆಟಕ್ಕೋ ನಿಜಕ್ಕೋ ಎಂದು ಮನೆಗೆ ಬಂದು ಕೇಳಿದೆ. "ಕಲ್ಲು ಮುಳುಗ್ತಲ್ಲ, ಇನ್ನೇನ್ ಕೇಳ್ತಿ? ಬಸ್ಸು ತಪ್ಪೀತು, ಹೋಗು" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಸೀರೆ ಮಡಚಿದೆ. ಇದು ನಮ್ಮ ಶಿವ ಮಾಡಿದ್ದೋ, ಅಕ್ಕೋರ ಏಸು ಮಾಡಿದ್ದೋ, ಅದೂ ತಿಳಿಯದು.

ಚೀಟಿ ಹಾರದಂತೆ ಮೇಲೆ ಇಟ್ಟಿರುವುದು ನನ್ನ ಕಲ್ಲು. ಆರು ವರ್ಷ ನೀವೂ ಸುಮ್ಮನೇ ಇದ್ದಿರಲ್ಲ. ಹಾಕೋಣವೆಂದರೆ ಅಷ್ಟು ಜನರ ಮುಂದೆ ಗಂಡನ ಹೆಸರು ಹೇಗೆ ಹೇಳಲಿ? ಹೆಸರು ಹೇಳದೆ ಹಾಕಿದರೆ ನಡೆಯುತ್ತದೆಯೋ, ಅಕ್ಕೋರನ್ನು ನೀವೇ ಕೇಳಿ. ನನ್ನನ್ನು ಕರೆಯಲು ಬರುವಾಗ ಕಲ್ಲು ತನ್ನಿ.

ನೀಲಾಳ ಅವ್ವ