ನೀಲಿ ಬಣ್ಣದ ಕೆಳಗಿನ ತಗಡು

ನವಿಲುತೀರ್ಥ
ಮಂಗಳವಾರ, ೧೭ ಡಿಸೆಂಬರ್ ೨೦೨೪

ಪ್ರೀತಿಯ ನೀಲಪ್ಪಣ್ಣಾ,

ಹೇಗಿದ್ದೀ? ಬೆಸುಗೆ ಹಾಕುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀಯೋ, ಇಲ್ಲ ಇನ್ನೂ ಒಂದು ಕಣ್ಣು ಮುಚ್ಚಿಯೇ ಕೆಲಸ ಮಾಡುತ್ತೀಯೋ? ರಾಣಿ ವೈನಿಯ ಸೊಂಟನೋವು ಕಡಿಮೆಯಾಯಿತೇ? ರಾಮದುರ್ಗದ ನೀರು ನಿನಗೆ ಹಿಡಿಸಿದೆ ಎಂದು ಯಾರೋ ಹೇಳಿದರು. ಹಿಡಿಸಲಿ, ಆದರೆ ತೀರಾ ಹಿಡಿಸುವುದು ಬೇಡ. ಅವ್ವ ಗಟ್ಟಿಯಾಗಿದ್ದಾಳೆ. ದಿನಾ ಊಟಕ್ಕೆ ಕೂತಾಗ ನಿನ್ನ ಹೆಸರು ತೆಗೆಯುತ್ತಾಳೆ, ತಮ್ಮ ಗೌರೀಶ ತಲೆ ಎತ್ತದೆ ರೊಟ್ಟಿ ಮುರಿಯುತ್ತಾನೆ. ಫೋನು ಮಾಡಿದರೆ ನಮ್ಮ ನಂಬರು ನೋಡಿ ಕಟ್ ಮಾಡುತ್ತೀ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವನು ನೀನು, ಪತ್ರವನ್ನು ಓದದೆ ಎಸೆಯಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾಳೆ ರಾಮದುರ್ಗದ ಬಸ್ಸಿನ ಕಂಡಕ್ಟರ್ ಪರಸಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ವಿಷಯ ದೋಣಿಯದು. ನೀನು ಕಟ್ಟಿದ ದೋಣಿಯನ್ನು ಗೌರೀಶ ಸರಕಾರದಲ್ಲಿ ನೋಂದಣಿ ಮಾಡಿಸುತ್ತಿದ್ದಾನೆ. ಡ್ಯಾಮ್ ನೋಡಲು ಬಂದವರನ್ನು ಭಾನುವಾರ ಹಿನ್ನೀರಿನಲ್ಲಿ ಒಂದು ಸುತ್ತು ತಿರುಗಿಸಿ ತರುವ ಆಸೆ ಅವನದು. ನಿಮ್ಮ ಜಗಳ ಹುಟ್ಟಿದ್ದೇ ಅದರಿಂದ. ದೋಣಿ ಮನೆಮಂದಿಗೆ ಮಾತ್ರ ಎಂದು ನೀನು, ತಗಡಿಗೂ ಎಂಜಿನ್ನಿಗೂ ದುಡ್ಡು ಹಾಕಿದವನು ನಾನು ಎಂದು ಅವನು. ‘ನೀ ಬರೇ ವೆಲ್ಡಿಂಗ್ ಮಾಡೀದಿ, ಕೂಲಿ ತಗೊಂಡು ಹೋಗು’ ಅಂದನಲ್ಲ, ಆ ಮಾತಿಗೆ ನಾನಾಗಿದ್ದರೂ ಮನೆ ಬಿಡುತ್ತಿದ್ದೆ. ಆ ಮಾತಿನ ಮಟ್ಟಿಗೆ ನಾನು ಅವನ ಪರ ಇಲ್ಲ. ಆದರೆ ಕಾಗದಪತ್ರಕ್ಕೆ ಓಡಾಡಿದವಳು ಮಾತ್ರ ನಾನೇ, ಯಾಕೆಂದರೆ ಅರ್ಜಿ ಕಂಡರೆ ಅವನಿಗೆ ಜ್ವರ ಬರುತ್ತದೆ.

ಅಂಗನವಾಡಿಗೆ ರಜೆ ಹಾಕಿ ನಾಲ್ಕು ಸಲ ಆಫೀಸಿಗೆ ಹೋಗಿ ಬಂದೆ. ದೋಣಿಯ ನಾಲ್ಕೂ ಮಗ್ಗಲಿನ ಫೋಟೊ, ಎಂಜಿನ್ನಿನ ಬಿಲ್ಲು, ಮಾಲೀಕನ ಆಧಾರ್, ಉದ್ದ ಅಗಲ ಆಳದ ಅಳತೆ, ಎಷ್ಟು ಜನ ಕೂಡುತ್ತಾರೋ ಅಷ್ಟು ತೇಲುವ ಜಾಕೀಟು, ಬೆಂಕಿ ಆರಿಸುವ ಡಬ್ಬಿ, ಕೊನೆಗೆ ನೀರು ಗೋರುವ ಬಕೀಟನ್ನೂ ಕೇಳಿದರು. ಅರ್ಜಿಗೊಂದು ಫೀಜು, ತಪಾಸಣೆಗೊಂದು, ವಿಮೆಗೊಂದು. ಗೌರೀಶನ ಈ ಸಲದ ಗೋವಿನಜೋಳದ ದುಡ್ಡೆಲ್ಲ ಅದರಲ್ಲೇ ಹೋಯಿತು. ದೋಣಿ ಯಾತಕ್ಕೆ ಎಂಬ ಕಾಲಮ್ಮಿನಲ್ಲಿ ವಿಹಾರಕ್ಕೆ ಎಂದು ನಾನೇ ಬರೆದೆ. ನಾಲ್ಕನೆಯ ಸಲ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಇದು ಯಾರ ವಿಹಾರ ಎಂದು ನಗು ಬಂತು. ಜಾಕೀಟು ಹನ್ನೆರಡೂ ಬಂದಿವೆ. ಅವ್ವ ಒಂದನ್ನು ಹಾಕಿಕೊಂಡೇ ರೊಟ್ಟಿ ಬಡಿದಳು, ಚಳಿಗೆ ಬೆಚ್ಚಗಿದೆಯಂತೆ.

ಎಲ್ಲ ಆದರೂ ಒಂದು ಕಾಗದ ಉಳಿದಿತ್ತು. ದೋಣಿಯನ್ನು ಕಟ್ಟಿದವನು ಯಾವ ತಗಡಿನಿಂದ ಹೇಗೆ ಕಟ್ಟಿದ, ಎಷ್ಟು ಜನರ ಭಾರ ತಡೆಯುತ್ತದೆ ಎಂದು ಬರೆದು ಸಹಿ ಮಾಡಬೇಕು. ಆ ಸಹಿ ನಿನ್ನದು. ಅಣ್ಣನನ್ನೇ ಕೇಳು ಎಂದು ಗೌರೀಶನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಬಾಳು ಇದ್ದಾನಲ್ಲ, ದೋಣಿಯನ್ನು ಕಣ್ಣಿಂದಲೂ ನೋಡದ ಅವನಿಗೆ ಎರಡು ಸಾವಿರ ಕೊಟ್ಟು ತಾನೇ ಕಟ್ಟಿದೆ ಎಂದು ಬರೆಸಿಕೊಂಡು ಬಂದಿದ್ದಾನೆ. ಶುಕ್ರವಾರ ದೋಣಿಯ ತಪಾಸಣೆಗೆ ಸರ್ವೇಯರ್ ಬರುತ್ತಾರೆ. ಅವರು ಸೈ ಅಂದರೆ ಭಾನುವಾರವೇ ಮನೆಯವರನ್ನು ಕೂಡಿಸಿ ಮೊದಲ ಸುತ್ತು. ದೊಡವಾಡದಿಂದ ಅವನ ಹೆಂಡತಿಯ ತವರಿನವರು ಬರುತ್ತಿದ್ದಾರೆ, ನಾಲ್ಕು ಮಕ್ಕಳು, ದೋಣಿ ನಡೆಸುವ ಗೌರೀಶ ಎಲ್ಲ ಸೇರಿ ಹನ್ನೊಂದು ಮಂದಿ. ಹನ್ನೆರಡನೆಯವಳು ಅವ್ವ.

ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹೋದ ಬೇಸಿಗೆ ನೀರು ಇಳಿದಾಗ ಮುಳುಗಿದ ಹಳೇ ಊರು ತೋರಿಸುತ್ತೇನೆಂದು ನೀನು ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಹಳೇ ಗುಡಿಯ ಕಟ್ಟೆ ದೋಣಿಯ ತಳಕ್ಕೆ ಬಡಿಯಿತು. ಅವ್ವ ಗುಡಿಯ ಕಡೆ ಕೈಮುಗಿದು ಕೂತಿದ್ದಳು, ಅವಳಿಗೆ ತಿಳಿಯಲಿಲ್ಲ. ದಂಡೆಗೆ ಬರುವಷ್ಟರಲ್ಲಿ ನನ್ನ ಪಾದ ಒದ್ದೆಯಾಗಿತ್ತು. ತಳದಲ್ಲಿ ಗೇಣುದ್ದದ ಸೀಳು. ನೀನು ಸದ್ಯಕ್ಕೆಂದು ಒಳಗಿನಿಂದ ಅಂಟು ಬಳಿದು ಒಂದು ತಗಡು ಕೂಡಿಸಿದೆ, ವಾರದೊಳಗೆ ಸರಿಯಾಗಿ ಬೆಸುಗೆ ಹಾಕುತ್ತೇನೆ ಎಂದೆ. ‘ಗೌರ್ಯಾಗ ಹೇಳಬ್ಯಾಡವಾ, ಅಂವ ನಗತಾನ’ ಅಂದೆ. ಮೂರನೆಯ ದಿನ ಜಗಳವಾಯಿತು, ನೀನು ಹೊರಟುಹೋದೆ. ದೋಣಿ ದಂಡೆಯ ಮೇಲೆ ಹಾಗೇ ಉಳಿಯಿತು, ನಾನೂ ಬಾಯಿ ಮುಚ್ಚಿಕೊಂಡು ಉಳಿದೆ. ದಸರೆಗೆ ಗೌರೀಶ ಬಂಡಿಗೆ ಹೊಡೆಯುವ ಹಾಗೆ ಒಳಗೂ ಹೊರಗೂ ದಪ್ಪಗೆ ನೀಲಿ ಬಣ್ಣ ಹೊಡೆದ. ಈಗ ಆ ತಗಡು ಹುಡುಕಿದರೂ ಕಾಣುವುದಿಲ್ಲ. ಸರ್ವೇಯರಿಗೂ ಕಾಣದೆ ಹೋದರೆ?

ನನಗೆ ಹೆದರಿಕೆಯಾಗಿದೆ ಅಣ್ಣಾ. ನಿನ್ನ ಮೇಲೆ ಸಿಟ್ಟೂ ಇದೆ. ನೀನು ಸಿಟ್ಟು ಮಾಡಿಕೊಂಡು ಹೋದದ್ದು ಸರಿ, ಆದರೆ ಆ ಸೀಳನ್ನು ನನ್ನ ತಲೆಗೆ ಕಟ್ಟಿ ಹೋದದ್ದು ಸರಿಯಲ್ಲ. ಎಂಟು ತಿಂಗಳು ನಿನ್ನ ಮಾತು ಉಳಿಸಿಕೊಂಡೆ, ಇನ್ನು ನನ್ನಿಂದ ಆಗದು. ಶುಕ್ರವಾರದೊಳಗೆ ಬಂದು ನೀನೇ ತೋರಿಸು. ಬರಲು ಮನಸ್ಸಿಲ್ಲದಿದ್ದರೆ, ಹೇಳಿಬಿಡು ಎಂದು ನನಗೊಂದು ಮಾತು ಕಳಿಸು, ಸಾಕು.

ವೈನಿಗೆ ನನ್ನ ನಮಸ್ಕಾರ. ಅವ್ವನ ಆಶೀರ್ವಾದ ನಿಮ್ಮಿಬ್ಬರಿಗೂ ಇದೆ, ಅವಳು ಹೇಳದಿದ್ದರೂ ನಾನು ಬರೆಯುತ್ತಿದ್ದೇನೆ.

ನಿನ್ನ ತಂಗಿ
ಯಶೋಧಾ

ತಾ.ಕ.: ಬುಧವಾರ ಮುಂಜಾನೆ, ಬಸ್ಸಿಗೆ ಹೊತ್ತಾಯಿತು. ಸರ್ವೇಯರ್ ನಿನ್ನೆ ಸಂಜೆ ಫೋನು ಮಾಡಿದ್ದರು, ಶುಕ್ರವಾರವಲ್ಲ, ನಾಳೆ ಗುರುವಾರವೇ ಬರುತ್ತಾರಂತೆ. ನಿನ್ನ ಮಾತಿಗೆ ಕಾಯುವಂತಿರಲಿಲ್ಲ, ಗೌರೀಶನಿಗೆ ಹೇಳಿಬಿಟ್ಟೆ. ಅವನು ನಗಲಿಲ್ಲ. ಅವನಿಗೆ ದಸರೆಯಿಂದಲೇ ಗೊತ್ತಂತೆ, ಬಣ್ಣ ಹೊಡೆಯುವಾಗ ಆ ತಗಡು ಕೈಗೆ ಸಿಕ್ಕಿತ್ತಂತೆ. ‘ಅಣ್ಣನ ಕೆಲಸದಾಗ ಐಬ ಐತಿ ಅಂತ ಸರಕಾರದ ಕಾಗದದಾಗ ಬರೀಬಾರದು, ಅದಕ್ಕ ಮುಚ್ಚೀನಿ. ಸೀಳು ಸಿಕ್ಕರ ಬಾಳುನ ಹೆಸರು ಕೆಡಲಿ ಅಂತ ಅವನ ಸಹಿ ತಂದೇನಿ’ ಅಂದ. ಮತ್ತೆ ಅವ್ವ? ಆ ಮಕ್ಕಳು? ಎಂದು ಕೇಳಿದೆ. ಅವನ ತಲೆ ಅಲ್ಲಿಯವರೆಗೆ ಹೋಗಿರಲೇ ಇಲ್ಲ, ನೋಡು. ಕೇಳಿದ್ದೇ ತಡ, ಕೆರೆಯುವ ಪಟ್ಟಿ ತೆಗೆದುಕೊಂಡು ದಂಡೆಗೆ ಹೋದ. ಬಣ್ಣದ ಜೊತೆ ತಗಡೂ ಕಿತ್ತು ಬಂತು. ಬಾಳುನ ಕಾಗದ ಹರಿದು ಹಾಕಿದ್ದಾನೆ. ಮುನವಳ್ಳಿಯಿಂದ ವೆಲ್ಡರನ್ನು ಕರೆಸೋಣ ಎಂದರೆ ‘ಅಣ್ಣನ ಬಿಟ್ಟು ಇದನ್ನ ಯಾರೂ ಮುಟ್ಟಬಾರದು’ ಎಂದು ದೋಣಿಗೆ ಒರಗಿ ಕೂತಿದ್ದಾನೆ, ಚಹಾಕ್ಕೂ ಎದ್ದು ಬಂದಿಲ್ಲ. ಫೋನು ಮಾಡು ಎಂದರೆ, ಅಣ್ಣ ಎತ್ತದಿದ್ದರೆ ತಡೆದುಕೊಳ್ಳಲಾರೆ ಎನ್ನುತ್ತಾನೆ. ಸಹಿಯ ಮಾತು ಆಮೇಲಿರಲಿ. ಪರಸಪ್ಪನ ಬಸ್ಸು ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಹಿಂದಿರುಗುತ್ತದೆ. ಮಷೀನು ತೆಗೆದುಕೊಂಡು ಅದರಲ್ಲೇ ಬಾ.