ಮೂವತ್ತೇಳನೇ ತುಣುಕು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೬, ಗುರುವಾರ

ಪ್ರೀತಿಯ ಪುಟ್ಟಿಗೆ ಕತ್ತರಿ ಮಾವನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಾ ಪ್ರಯೋಗಾಲಯದ ಗಾಜಿನ ಕೊಳವೆ ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನಿಮ್ಮಮ್ಮ ಚೆನ್ನಾಗಿದ್ದಾಳೆ. ಎದೆಯ ಗಡ್ಡೆಯ ಆಪರೇಷನ್ ಆಗಿ ಎಂಟು ತಿಂಗಳಾಯಿತಲ್ಲ, ಎಡಗೈ ಈಗ ತಲೆ ಬಾಚುವಷ್ಟು ಮೇಲೇಳುತ್ತಿದೆ. ಎಚ್‌ಐವಿ ಮಾತ್ರೆಯನ್ನೂ ಒಂದು ದಿನ ತಪ್ಪಿಸಿಲ್ಲ. ನನಗೇನು ಧಾಡಿ? ಐವತ್ತೆಂಟಾದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವನು ಈ ಬೀದಿಯಲ್ಲಿ ನಾನೊಬ್ಬನೇ.

ನಿನ್ನ ಕಾಗದ ಬಂತು. ಏಳನೇ ಕ್ಲಾಸಿನವನಿಗೆ ಜೀನು ಗೀನು ಎಲ್ಲಿ ಅರ್ಥವಾಗುತ್ತದೆ ಅಂದುಕೊಳ್ಳಬೇಡ. ಕೇಳು: ಬಟ್ಟೆ ಕಾರ್ಖಾನೆಯಲ್ಲಿ ಯಂತ್ರಗಳು ಎಲ್ಲ ಕಡೆಯೂ ಅವೇ, ಯಾವುದು ಜೋರಾಗಿ ಓಡುತ್ತಿದೆ, ಯಾವುದು ಸುಮ್ಮನೆ ಕೂತಿದೆ ಅನ್ನುವುದೇ ಸಂಗತಿ. ಎಚ್‌ಐವಿ ಇರುವ ಹೆಂಗಸರ ಸ್ತನದ ಗಡ್ಡೆಯಲ್ಲಿ ಯಾವ ಜೀನು ಓಡುತ್ತದೆ, ಇಲ್ಲದವರ ಗಡ್ಡೆಯಲ್ಲಿ ಯಾವುದು ಓಡುತ್ತದೆ ಅಂತ ತುಣುಕುಗಳನ್ನು ಎರಡು ಸಾಲು ಮಾಡಿ ಹೋಲಿಸುತ್ತಿದ್ದೀರಿ. ಸರಿ ತಾನೆ? ಪಕ್ಕದ ಇಸ್ತ್ರಿಯವನಿಗೂ ವಿವರಿಸಿದೆ. ‘ನೀವು ಡಾಕ್ಟರಾಗಬೇಕಿತ್ತು ಬಿಡಿ’ ಅಂದ. ಬೇರೆ ದಿನವಾಗಿದ್ದರೆ ಉಬ್ಬಿಹೋಗುತ್ತಿದ್ದೆ, ಈ ಸಲ ಆಗಲಿಲ್ಲ.

ಯಾಕೆಂದರೆ ಕಾಗದದ ಕೊನೆಯಲ್ಲಿ ನೀನು ಬರೆದಿದ್ದೆ: ಸೋಂಕಿಲ್ಲದವರ ಸಾಲಿನ ಮೂವತ್ತೇಳನೇ ತುಣುಕು ತನ್ನ ಸಾಲಿನವುಗಳ ಹಾಗೆ ನಡೆದುಕೊಳ್ಳುತ್ತಿಲ್ಲ, ಮೂರು ಸಲ ಪರೀಕ್ಷಿಸಿದೆ, ನನ್ನ ಕೈಯಲ್ಲೇ ಎಲ್ಲೋ ಅದಲುಬದಲಾಗಿರಬೇಕು, ಇಪ್ಪತ್ತನೇ ತಾರೀಖು ಪ್ರಯೋಗಾಲಯದ ಮೇಡಂ ಎದುರು ತಪ್ಪು ಒಪ್ಪಿಕೊಳ್ಳುತ್ತೇನೆ, ಕೆಲಸ ಉಳಿಯುತ್ತದೋ ಇಲ್ಲವೋ ಅಂತ. ಒಪ್ಪಿಕೊಳ್ಳಬೇಡ ಪುಟ್ಟಿ.

ನಿಮ್ಮಪ್ಪ ಹೋದ ಮೇಲೆ ನಿಮ್ಮಮ್ಮನಿಗೂ ಸೋಂಕಿದೆ ಅಂತ ಗೊತ್ತಾಯಿತಲ್ಲ, ಅವತ್ತಿನಿಂದ ನಾನು ಅವಳಿಗೆ ಟೇಪು ಹಿಡಿದು ಅಳತೆ ತೆಗೆದಿರಲಿಲ್ಲ. ‘ಹಳೇದೊಂದು ಅಂಗಿ ಕೊಡು ಸಾಕು, ನಿನ್ನಳತೆ ನನಗೆ ಬಾಯಿಪಾಠ’ ಅಂತ ಜಂಭ ಕೊಚ್ಚುತ್ತಿದ್ದೆ. ಹೆದರಿಕೆ, ಮತ್ತೇನಲ್ಲ. ಮುಟ್ಟಿದರೆ ಬರುವುದಿಲ್ಲ ಅಂತ ನೀನು ಬಾಯಿ ನೋಯುವಷ್ಟು ಹೇಳಿದ್ದೆ, ನಾನು ತಲೆಯಾಡಿಸಿದ್ದೆ. ಹೋದ ವರ್ಷ ಒಂದು ದಿನ ‘ಎಡಗಡೆ ಬಿಗಿಯುತ್ತೆ ಅಣ್ಣ’ ಅಂದಳು. ‘ದಪ್ಪಗಾಗಿದ್ದೀಯ ಕಣೇ, ತಿನ್ನೋದು ಕಡಿಮೆ ಮಾಡು’ ಅಂತ ನಗಿಸಿ, ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟೆ. ಒಂದೇ ಕಡೆ ಯಾರಾದರೂ ದಪ್ಪಗಾಗುತ್ತಾರಾ? ಊರವರ ಅಳತೆಯೆಲ್ಲ ತಲೆಯಲ್ಲಿಟ್ಟುಕೊಂಡವನಿಗೆ ಅದು ಹೊಳೆಯಲಿಲ್ಲ.

ಇವತ್ತು ಬೆಳಗ್ಗೆ ಟೇಪು ತಗೊಂಡು ಹೋದೆ. ‘ಏನಣ್ಣ, ಬಾಯಿಪಾಠ ಮರೆತುಹೋಯ್ತಾ?’ ಅಂದಳು. ನಾನು ಟೇಪು ಬಿಚ್ಚುತ್ತಿದ್ದ ಹಾಗೇ ತಾನೇ ಅದರ ತುದಿ ಹಿಡಿದುಕೊಂಡಳು.

ಮೈಮೇಲೆ ನಿಗಾ ಇರಲಿ. ನಿನ್ನ ಕೈಗೆ ಒಳ್ಳೆಯದಾಗಲಿ.

ನಿನ್ನ ಸೋದರಮಾವ

ತಾ.ಕ.: ಮೂವತ್ತೇಳು ನಿಮ್ಮಮ್ಮನದು. ಆಸ್ಪತ್ರೆಯಲ್ಲಿ ಸಂಶೋಧನೆಯವರ ಹಾಳೆ ತುಂಬಿದವನು ನಾನು, ನನ್ನಕ್ಷರ ದುಂಡಗಿದೆ ಅಂತ. ಹಾಳೆಯಲ್ಲಿ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆ ನಾನು ಮರೆಯುವವನಲ್ಲ. ಎಚ್‌ಐವಿ ಇದೆಯೇ ಅಂತ ಕೇಳಿದ್ದ ಕಡೆ ‘ಇರೋದನ್ನ ಇರೋ ಹಾಗೇ ಬರಿ ಅಣ್ಣ’ ಅಂದಿದ್ದಳು. ಪಕ್ಕದ ಕುರ್ಚಿಯಲ್ಲಿ ನನ್ನ ಹಳೇ ಗಿರಾಕಿಯೊಬ್ಬಳು ಕೂತು ಹಾಳೆ ಇಣುಕುತ್ತಿದ್ದಳು. ‘ಇಲ್ಲ’ ಅಂತ ಬರೆದುಬಿಟ್ಟೆ. ಅದು ನಿನ್ನ ಮೇಜಿಗೇ ಬಂದು ಸೇರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಇವತ್ತು ಅಳತೆ ತೆಗೆಯುವಾಗ ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ‘ಪುಟ್ಟಿಗೂ ಬರಿ, ಅದೇ ದುಂಡಕ್ಷರದಲ್ಲಿ’ ಅಂದಳು. ಮೇಡಂಗೆ ತೋರಿಸುವುದಕ್ಕೂ ಅವಳ ಒಪ್ಪಿಗೆಯಿದೆ. ಈ ಕಾಗದವನ್ನೇ ಮುಂದಿಡು. ನಿನ್ನ ಕೈ ತಪ್ಪಿಲ್ಲ ಪುಟ್ಟಿ, ಆ ‘ಇಲ್ಲ’ ನನ್ನದು.