ಬಾಗಿಲ ಪಕ್ಕದ ಹಲಗೆ

ಅಂಗಡಿಯಿಂದ,
ಮಾರ್ಚ್ ಹದಿನಾರು, ಭಾನುವಾರ

ನಮ್ಮ ಮನೆಯ ಡ್ರೈವರ್ ಸಾಹೇಬರಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ; ನಂಬಬೇಕಾಗಿಲ್ಲ. ನಿಮ್ಮ ಅಕ್ಕನ ಮಂಡಿ ಆಪರೇಷನ್ ಸುಸೂತ್ರವಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಅವರನ್ನು ಎದ್ದು ಓಡಾಡಲು ಬಿಡಬೇಡಿ, ಅವರು ಸುಮ್ಮನೆ ಕೂರುವ ಪೈಕಿಯಲ್ಲ. ಉತ್ತರ ತಡವಾಯಿತು, ತಪ್ಪು ತಿಳಿಯಬೇಡಿ ಎನ್ನಬೇಕು. ತಿಳಿದುಕೊಂಡರೂ ನನಗೇನಿಲ್ಲ. ಎರಡು ಸಲ ಬರೆದೆ, ಎರಡೂ ಸಲ ಬೈಗುಳ ಬಿಟ್ಟು ಬೇರೇನೂ ಬರಲಿಲ್ಲವೆಂದು ಹರಿದು ಹಾಕಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ನಾನು ಒಂದು ಚೂರು ದನಿ ಎತ್ತಿದರೆ ಸಾಕು, "ಹಲೋ, ಹಲೋ, ಏನೂ ಕೇಳಿಸ್ತಿಲ್ಲ ಕಣೇ" ಎಂದು ಇಟ್ಟುಬಿಡುತ್ತೀರಿ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

"ಗಾಡೀಲಿ ಏನೋ ಸುಟ್ಟ ವಾಸನೆ ಬರ್ತಿದೆ, ಸ್ವಲ್ಪ ನೋಡು" ಎಂದು ಹೇಳಿ, ಕ್ಯಾಂಪರನ್ನು ಅಂಗಡಿಯ ಮುಂದೆ ನಿಲ್ಲಿಸಿ ಅಕ್ಕನ ಮನೆಗೆ ಬಸ್ಸು ಹತ್ತಿದಿರಲ್ಲ, ನೋಡಿದೆ. ನೋಡಿ ಪಿತ್ತ ನೆತ್ತಿಗೇರಿತು. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿಕೊಂಡ ಆ ಪುಟ್ಟ ಮನೆ ನಿಮ್ಮೊಬ್ಬರದಲ್ಲ. ಬರುವ ತಿಂಗಳು ಅಂಗಡಿಯನ್ನು ಮಗಳಿಗೆ ಬಿಟ್ಟು ನಾನೂ ಅದನ್ನು ಹತ್ತಿ ನಿಮ್ಮ ಜೊತೆ ಹೊರಡುವವಳು.

ಈ ಊರಿನ ಲಾರಿ, ಆಂಬುಲೆನ್ಸ್, ಶಾಲೆಯ ಬಸ್ಸು ಎಲ್ಲವೂ ವೈರು ಕೆಟ್ಟರೆ ನನ್ನ ಅಂಗಡಿಯ ಮುಂದೆ ಬಂದು ನಿಲ್ಲುತ್ತವೆ. ನನ್ನ ಗಂಡನ ಗಾಡಿಗೆ ಮಾತ್ರ ಲಿಥಿಯಂ ಬ್ಯಾಟರಿ ಕೂರಿಸಿದವನು ಹೆದ್ದಾರಿ ಪಕ್ಕದ ಯಾವನೋ ಪುಣ್ಯಾತ್ಮ! ನನಗೆ ಒಂದು ಮಾತಿಲ್ಲ, ಕತೆಯಿಲ್ಲ. ಮಗಳು ಬಿದ್ದೂ ಬಿದ್ದೂ ನಕ್ಕಳು. "ಡಾಕ್ಟರಮ್ಮನ ಗಂಡ ಕದ್ದು ಹೋಗಿ ಮೆಡಿಕಲ್ ಶಾಪಲ್ಲಿ ಮಾತ್ರೆ ಕೇಳಿದಂಗಾಯ್ತು ಬಿಡಮ್ಮ" ಎಂದಳು. ನನಗೆ ನಗು ಬರಲಿಲ್ಲ.

ಆ ಪುಣ್ಯಾತ್ಮ ಮಾಡಿದ್ದೇನು ಗೊತ್ತೇ? ಹಳೆಯ ಎರಡು ಆ್ಯಸಿಡ್ ಬ್ಯಾಟರಿ ಕಿತ್ತು, ಹೊಸದನ್ನು ಅದೇ ಸಪೂರ ವೈರಿಗೆ ಸಿಕ್ಕಿಸಿ ಕೈ ತೊಳೆದುಕೊಂಡಿದ್ದಾನೆ. ಹಳೆಯವು ಇಂಜಿನ್ನಿನಿಂದ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದವು. ಲಿಥಿಯಂ ಹಾಗಲ್ಲ, ಕೊಟ್ಟಷ್ಟನ್ನೂ ಗಟಗಟ ಕುಡಿಯುತ್ತದೆ, ಸಾಕು ಎನ್ನುವುದಿಲ್ಲ. ನಡುವೆ ನಿಂತು ಅಳೆದು ಕೊಡಲು ಒಂದು ಚಾರ್ಜರ್ ಇರಬೇಕು; ಇಲ್ಲ. ಫ್ಯೂಸ್ ಇರಬೇಕು, ಅದಂತೂ ಇಲ್ಲವೇ ಇಲ್ಲ. ವೈರಿನ ಪ್ಲಾಸ್ಟಿಕ್ ಕರಗಿ ಗೋಡೆಗೆ ಅಂಟಿಕೊಂಡಿತ್ತು, ಇಂಜಿನ್ನಿನ ಪಕ್ಕ ಕೂತು ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಬೆಂದು ಕಪ್ಪಾಗಿತ್ತು. ಇನ್ನೊಂದು ದೊಡ್ಡ ಏರು ಹತ್ತಿದ್ದರೆ, ಬೆನ್ನ ಹಿಂದೆ ಮನೆ ಹೊತ್ತಿ ಉರಿಯುವುದನ್ನು ನೀವು ಕನ್ನಡಿಯಲ್ಲಿ ನೋಡುತ್ತಿದ್ದಿರಿ. ಇದನ್ನು ಬರೆಯುತ್ತಲೇ ಎರಡು ಸಲ ಎದ್ದು ಹೋಗಿ ಗಾಡಿಯ ವೈರನ್ನು ಮುಟ್ಟಿ ನೋಡಿ ಬಂದೆ. ಕೋಪಕ್ಕೋ ಭಯಕ್ಕೋ ನೀವೇ ತಿಳಿದುಕೊಳ್ಳಿ.

ಎಲ್ಲ ಬಿಚ್ಚಿ ಮೊದಲಿಂದ ಮಾಡಿದ್ದೇನೆ. ಹೆಬ್ಬೆರಳ ದಪ್ಪದ ವೈರು, ಬ್ಯಾಟರಿಯ ಬುಡದಲ್ಲೇ ಫ್ಯೂಸು, ನಡುವೆ ಚಾರ್ಜರು. ಬೇರೆ ಆಲ್ಟರ್ನೇಟರ್ ಹಾಕಿದೆ. ಚಾವಣಿಯ ಸೋಲಾರಿನ ಸೆಟ್ಟಿಂಗನ್ನೂ ಬದಲಿಸಿದೆ, ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಬ್ಯಾಟರಿಯ ಮೇಲೆ ಮಾತ್ರ ನನಗೆ ಕೋಪವಿಲ್ಲ, ಒಳ್ಳೆಯ ಮಾಲು. ಹಳೆಯದನ್ನು ಎತ್ತಲು ಇಬ್ಬರು ಬೇಕಿತ್ತು, ಇದನ್ನು ಮಗಳು ಒಬ್ಬಳೇ ಎತ್ತಿ ಕೆಳಗಿಟ್ಟಳು. ಫ್ಯಾನು, ಫ್ರಿಜ್ಜು, ದೀಪ ಎಲ್ಲ ಹಾಕಿಕೊಂಡು ಎಲ್ಲಿ ಬೇಕಾದರೂ ಆರಾಮಾಗಿ ಬಿದ್ದುಕೊಂಡಿರಬಹುದು.

ಎಲ್ಲಿ ಬಿದ್ದುಕೊಳ್ಳುವುದು ಎಂಬುದೇ ಪ್ರಶ್ನೆ. ಯಾಕೆಂದರೆ ಆವತ್ತು ಬಾಗಿಲು ತೆರೆದಾಗ ಮೊದಲು ಕಂಡದ್ದು ಸುಟ್ಟ ವೈರಲ್ಲ. ಬಾಗಿಲ ಪಕ್ಕದ ನನ್ನ ಹಲಗೆ ಅಲ್ಲಿರಲಿಲ್ಲ. ನೀವು ಮಲಗುವ ಮೇಲಿನ ಹಾಸಿಗೆಗೆ ಹತ್ತಲು ನನ್ನ ಸೊಂಟ ಕೇಳುವುದಿಲ್ಲವೆಂದು ನಾವಿಬ್ಬರೂ ಕೂತು, ನನ್ನನ್ನೇ ನೆಲದ ಮೇಲೆ ಮಲಗಿಸಿ ಅಳತೆ ತೆಗೆದು ಮಾಡಿಸಿದ ಹಲಗೆ. ಹಾಸಿಗೆಗೆ ಗವಸು ಹೊಲಿದವಳು ನಾನು. ಆ ಜಾಗದಲ್ಲಿ ಈಗ ಮಹಾರಾಜನ ಹಾಗೆ ಬ್ಯಾಟರಿ ಕೂತಿತ್ತು. ಆಗಲೇ ಫೋನ್ ಮಾಡಿ ಕೇಳಿದೆ. "ಬ್ಯಾಟರಿಗೆ ಜಾಗ ಸಾಲ್ಲಿಲ್ಲ ಕಣೇ, ಬೇರೆ ದಾರಿ ಇರ್ಲಿಲ್ಲ" ಎಂದಿರಿ. ಆಮೇಲೆ ನಿಮ್ಮ ಹಲೋ ಹಲೋ ಶುರುವಾಯಿತು.

ನನಗೆ ಹೇಳುತ್ತೀರಾ ಈ ಮಾತನ್ನು? ಬ್ಯಾಟರಿ ಹೊತ್ತು ಹೊತ್ತು ಭುಜ ಸವೆದವಳಿಗೆ? ಹೋಗಿ, ಬೇರೆ ಯಾರ ಕಿವಿಯ ಮೇಲಾದರೂ ಹೂವಿಡಿ! ಹಳೆಯ ಎರಡು ಬ್ಯಾಟರಿ ಇಷ್ಟು ವರ್ಷ ಸಿಂಕಿನ ಕೆಳಗಿನ ಗೂಡಿನಲ್ಲಿ ಕೂತಿದ್ದವು. ಹೊಸದನ್ನು ಅದೇ ಗೂಡಿಗೆ ತಳ್ಳಿದ್ದೇನೆ. ಪಕ್ಕದಲ್ಲಿ ನಿಮ್ಮ ಎರಡು ಜೊತೆ ಬೂಟು ಹಿಡಿಸುತ್ತವೆ. ಲಿಥಿಯಂ ಬ್ಯಾಟರಿಗೆ ಜಾಗ ಸಾಲದೆ ಹೆಂಡತಿಯ ಮಂಚ ಕಿತ್ತವರು ಪ್ರಪಂಚದಲ್ಲಿ ನೀವೊಬ್ಬರೇ ಇರಬೇಕು.

ಸುಳ್ಳು ಹೇಳಲೇಬೇಕಿದ್ದರೆ ಬೇರೆ ಏನಾದರೂ ಹೇಳಬೇಕಿತ್ತು, ಮರ ಹುಳ ಹಿಡಿದಿತ್ತು ಎಂದಿದ್ದರೆ ನಂಬುತ್ತಿದ್ದೆ. ಇಷ್ಟು ವರ್ಷ ನೀವು ಲಾರಿಯ ಮೇಲೆ, ನಾನು ಲಾರಿಯ ಕೆಳಗೆ, ಅದೇ ನಮ್ಮ ಸಂಸಾರ. ನೀವು ಟ್ರಿಪ್ ಮುಗಿಸಿ ಬರುವುದನ್ನು ಕಾದೆ, ಮಗಳು ಕೆಲಸ ಕಲಿಯುವುದನ್ನು ಕಾದೆ. "ಒಂದಿನ ಇಬ್ರೂ ಹೊರಟ್ಬಿಡೋಣ, ಯಾರ ಲೋಡೂ ಇಲ್ದೆ" ಎಂದವರು ನೀವು, ನಾನಲ್ಲ. ಹೋದ ತಿಂಗಳು ಊಟಕ್ಕೆ ಕೂತಾಗ "ಇನ್ನು ಅಂಗಡಿ ಇವಳದ್ದು, ನಾನು ರೆಡಿ ಕಣ್ರೀ" ಎಂದೆ. ನೀವು ನೀರು ಕುಡಿದಿರಿ, ಲೋಟ ಕೆಳಗಿಟ್ಟಿರಿ, ಕೈ ತೊಳೆಯಲು ಎದ್ದಿರಿ. ಅದಾದ ಮೇಲೆಯೇ ನಿಮಗೆ ಬ್ಯಾಟರಿ ಬದಲಿಸುವ ಹುಕಿ ಬಂದದ್ದು. ನಾನು ಬರುವುದು ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತು. ಜಗಳ ಮಾಡುತ್ತಿದ್ದೆ, ಅಳುತ್ತಿದ್ದೆ, ನಿಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಆದರೆ ಅದು ನಮ್ಮಿಬ್ಬರ ನಡುವೆ ಮುಗಿಯುತ್ತಿತ್ತು. ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಎಲ್ಲವನ್ನೂ ಆ ಪಾಪದ ಬ್ಯಾಟರಿಯ ತಲೆಗೆ ಕಟ್ಟಿದಿರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ, ನಿಮ್ಮ ಬಿಪಿಯದ್ದನ್ನೂ ಮರೆಯದೆ ನುಂಗಿ. ಎಷ್ಟೇ ಕೋಪ ಬಂದರೂ ನೀವು ಗಟ್ಟಿಮುಟ್ಟಾಗಿರಲಿ ಎಂದೇ ಬೇಡಿಕೊಳ್ಳುತ್ತೇನೆ. ಹೋದಲ್ಲೆಲ್ಲ ದಾರಿ ಸಲೀಸಾಗಿರಲಿ.

ಇಂತಿ,
ನಿಮ್ಮ ಮನೆಯಾಕೆ

ತಾ.ಕ.: ಫ್ಯೂಸ್ ಹಾಕದವನಿಗೆ ಉಗಿಯದೆ ಬಿಡುತ್ತೇನೆಯೇ? ಬ್ಯಾಟರಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಅವನ ನಂಬರಿತ್ತು, ನಿನ್ನೆ ಫೋನ್ ಮಾಡಿದೆ. ನಿಮ್ಮ ಹೆಂಡತಿ ಎಂದು ಹೇಳಲಿಲ್ಲ, ಗಾಡಿ ರಿಪೇರಿಗೆ ಬಂದ ಅಂಗಡಿಯವಳು ಎಂದಷ್ಟೇ ಹೇಳಿದೆ. ಸುಮ್ಮನೆ ಬೈಸಿಕೊಂಡ, ತಪ್ಪಾಯ್ತು ಎಂದ. ಕೊನೆಗೆ, ಆ ಹಲಗೆಯನ್ನು ಯಾಕಪ್ಪ ಕಿತ್ತೆ ಎಂದು ಕೇಳಿದೆ. "ನಾನು ಬೇಡ ಅಂದೆ ಅಕ್ಕಾ, ಗಟ್ಟಿ ಮರ, ಹಾಸಿಗೆ ಬೇರೆ ಹೊಸದು. ಇಲ್ಲಿ ಯಾರು ಮಲಗ್ತಾರೆ ಸಾರ್ ಅಂತ ಕೇಳ್ದೆ. ಯಾರೂ ಇಲ್ಲ, ತೆಗೀರಿ ಅಂದ್ರು" ಎಂದ. ಹಾಸಿಗೆ ಇನ್ನೂ ಅವನ ಹತ್ತಿರವೇ ಇದೆಯಂತೆ, ಬೇಕಿದ್ದರೆ ಕಳಿಸಲೇ ಎಂದು ಕೇಳಿದ. ಬೇಡ, ಯಾರೂ ಇಲ್ಲವಂತಲ್ಲ ಎಂದು ಹೇಳಿ ಫೋನ್ ಇಟ್ಟೆ. ಗಾಡಿ ರೆಡಿಯಾಗಿದೆ, ಬಂದು ತೆಗೆದುಕೊಂಡು ಹೋಗಿ. ಕೀಯನ್ನು ಮಗಳ ಹತ್ತಿರ ಕೇಳಿ. ನಾನು ಯಾವುದಾದರೂ ಗಾಡಿಯ ಕೆಳಗಿರುತ್ತೇನೆ, ಕರೆಯಬೇಡಿ.